ನಂದಿಯ ಗುಡಿಯೂ ನಮ್ಮ ಕೆರೆ ಏರಿಯ ಕಲ್ಲೂ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಚರಿತ್ರೆಯ ಲೇಖನ ಕೊಡಿ ಎಂದು ಸಂಚಿಕೆಯ ಸಮಿತಿಯವರು ಕೇಳಿದರು. ಸಂಘದ ಚರಿತ್ರೆಯನ್ನು ಕಾರ್ಯದರ್ಶಿಗಳ ವರದಿಯಲ್ಲಿ ನೀವು ಓದುತ್ತೀರಿ. ಮೊದಲ ದಿನ ಎಷ್ಟು ಲೀಟರು ಬಂತು, ಈಗ ಎಷ್ಟು ಬರುತ್ತಿದೆ, ಯಾರ ಕಾಲದಲ್ಲಿ ಕಟ್ಟಡವಾಯಿತು ಎಂಬುದೆಲ್ಲ ಅಲ್ಲಿದೆ. ನಾವು ಅದಕ್ಕಿಂತ ಹಳೆಯ ಒಂದು ವಿಷಯ ಎತ್ತಿಕೊಂಡಿದ್ದೇವೆ. ಹಳೆಯದಾದರೂ ಅದು ಡೇರಿಯ ಬಾಗಿಲಿನಿಂದಲೇ ಶುರುವಾಗುತ್ತದೆ.

ಸದಸ್ಯ ಬಾಂಧವರಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ಸಂಘದ ಸ್ವಂತ ಕಟ್ಟಡಕ್ಕೆ ಪಾಯ ಹಾಕುವಾಗ ಕಲ್ಲು ಸಾಲದೆ ಬಂತು. ಕೊಂಡು ತರಲು ಆಗ ಸಂಘದಲ್ಲಿ ದುಡ್ಡಿರಲಿಲ್ಲ. ಕೆರೆ ಏರಿಯ ಕೆಳಗೆ ಅರ್ಧ ಹೂತು ಬಿದ್ದಿದ್ದ ಚಪ್ಪಡಿಗಳನ್ನು ನಾವೇ ಹತ್ತಾರು ಜನ ಸೇರಿ ಹಾರೆ ಹಾಕಿ ಎಬ್ಬಿಸಿ ಟ್ರಾಕ್ಟರಿಗೆ ಹೇರಿಕೊಂಡು ಬಂದೆವು. ಮಣ್ಣು ತೊಳೆದಾಗ ಎರಡು ಕಲ್ಲುಗಳ ಮೇಲೆ ಗೊಂಬೆಗಳು ಕಂಡವು. ಅಷ್ಟರಲ್ಲಿ ಒಂದು ಕಲ್ಲನ್ನು ಉಳಿ ಸುತ್ತಿಗೆ ಹಾಕಿ ಎರಡು ಹೋಳು ಮಾಡಿಯಾಗಿತ್ತು. ಆ ಹೋಳುಗಳು ಪಾಯಕ್ಕೂ ಹೋಗಲಿಲ್ಲ, ರಸ್ತೆಯ ಮೋರಿಗೆ ಹಾಸುಗಲ್ಲಾಗಿ ಹೋದವು. ಇನ್ನೊಂದಕ್ಕೆ ಉಳಿ ಇಡುವ ಹೊತ್ತಿಗೆ ಊರಿನ ಹಿರೀಕರೊಬ್ಬರು ಕೋಲೂರಿಕೊಂಡು ಬಂದು, "ಲೋ, ಅದು ವೀರಗಲ್ಲು ಕಣ್ರೋ, ಒಡೀಬೇಡ್ರೋ. ಹಸು ಕಾಯೋಕೆ ಹೋಗಿ ಸತ್ತೋನ ಕಲ್ಲು ಅದು" ಎಂದು ತಡೆದರು. ಅವರ ಮಾತಿಗೆ ಬೆಲೆ ಕೊಟ್ಟು ಅದನ್ನು ಗೋಡೆಗೆ ಒರಗಿಸಿ ಇಟ್ಟೆವು. ಅಂದಿನಿಂದ ಅದು ಅಲ್ಲೇ ಇದೆ. ಹಾಲು ತಂದವರು ಸರತಿ ಬರುವ ತನಕ ಕ್ಯಾನು ಇಡುವುದಕ್ಕೆ ಅನುಕೂಲವಾಗಿದೆ.

ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ. ಅದನ್ನು ಮೊದಲು ಬರೆದುಬಿಟ್ಟರೆ ಮುಂದಿನದು ಹೇಳಲು ನಮಗೆ ಬಾಯಿ ಬರುತ್ತದೆ.

ಈಗ ನಮ್ಮ ಊರಿನ ಹುಡುಗರು ಕೇಳುತ್ತಾರೆ: "ಆ ಕಲ್ಲಿಂದ ಏನ್ ಉಪಯೋಗ ಅಣ್ಣಾ? ನಂದಿ ದೇವಸ್ಥಾನಕ್ಕೆ ಸರ್ಕಾರದೋರು ಬೇಲಿ ಹಾಕಿ ಬೋರ್ಡು ಹಾಕವ್ರೆ, ಸುತ್ತಮುತ್ತ ಒಂದು ಶೆಡ್ ಹಾಕೋಕೂ ಬಿಡಲ್ಲ. ಯಾರಿಗೋಸ್ಕರ ಇದೆಲ್ಲ?" ಕೇಳುವುದು ನ್ಯಾಯವೇ. ಹಳೆಯ ಗುಡಿ, ಹಳೆಯ ಕಲ್ಲು ಇವುಗಳನ್ನು ಕಾಯಬೇಕು, ಅದರಲ್ಲೂ ಲೋಕಕ್ಕೆಲ್ಲ ಸೇರಿದ್ದು ಎಂದು ಕಾಯಬೇಕು ಅಂದರೆ ಏನರ್ಥ ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಹೇಳಲು ಪ್ರಯತ್ನಿಸುತ್ತೇವೆ.

ಮೊದಲು ನಮ್ಮ ಕಲ್ಲಿನ ವಿಚಾರ. ಹಳಗನ್ನಡದಲ್ಲಿ ತುರು ಎಂದರೆ ಹಸು. ತುರುಗೊಳ್ ಎಂದರೆ ದನಗಳ ಹಿಂಡನ್ನು ಹೊಡೆದುಕೊಂಡು ಹೋಗುವುದು. ಸಾವಿರದ ಇನ್ನೂರು ವರ್ಷಗಳ ಹಿಂದೆ ನಮ್ಮ ಈ ಸೀಮೆ ಗಂಗರು, ಬಾಣರು, ನೊಳಂಬರು ಇವರ ನಡುವೆ ಎಳೆದಾಡಿದ ನೆಲ. ಆಗ ಐಶ್ವರ್ಯ ಅಂದರೆ ದನವೇ. ವೈರಿಯನ್ನು ಕೆಣಕಬೇಕೆಂದರೆ ಅವನ ಗಡಿಯ ಊರಿನ ಹಿಂಡನ್ನು ಅಟ್ಟಿಕೊಂಡು ಹೋಗುತ್ತಿದ್ದರು. ಆಗ ಊರಿನ ಗಂಡಸರು ಬಿಲ್ಲು ಕತ್ತಿ ಹಿಡಿದು ಅಟ್ಟಿಸಿಕೊಂಡು ಹೋಗಿ, ಹಿಂಡನ್ನು ಬಿಡಿಸಿ ಊರಿಗೆ ಹೊಡೆದು, ತಾವು ಅಲ್ಲೇ ಬೀಳುತ್ತಿದ್ದರು. ಹಾಗೆ ಸತ್ತವನಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು. ಕೆಳಗಿನ ಪಟ್ಟಿಯಲ್ಲಿ ಕಾದಾಟ ಮತ್ತು ಹಸುಗಳು, ಅದರ ಮೇಲೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು. ಕೆಲವಕ್ಕೆ ಇನ್ನೂ ಮೇಲೆ ಲಿಂಗ ಪೂಜೆ. ನಮ್ಮ ಕಲ್ಲಿನಲ್ಲಿ ಅಕ್ಷರವಿಲ್ಲ. ಆದರೆ ಅವನ ಕಾಲ ಬಳಿ ಮೂರು ಹಸುಗಳಿವೆ, ಒಂದರ ಕೊಂಬು ಇನ್ನೂ ಸ್ಪಷ್ಟವಾಗಿದೆ.

ಅಷ್ಟೇ ಅಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿಯಿತ್ತು. ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಮಾತುಗಳು ಶಾಸನಗಳಲ್ಲಿ ಬರುತ್ತವೆ. ಬಾಳ್ ಅಂದರೆ ಕತ್ತಿ, ಅದನ್ನು ತೊಳೆದ ಋಣಕ್ಕೆ ಕೊಟ್ಟ ನೆಲ ಒಂದು. ಚೆಲ್ಲಿದ ನೆತ್ತರಿಗೆ ಕೊಟ್ಟ ನೆಲ ಇನ್ನೊಂದು. ಈಗ ನಾವು ಡೇರಿಯಲ್ಲಿ ಹಸುವಿಗೆ ವಿಮೆ ಮಾಡಿಸುತ್ತೇವೆ. ಆಗ ಹಸು ಕಾದವನ ಮಕ್ಕಳಿಗೆ ಊರೇ ವಿಮೆ! ಹಾಲಿನ ಸಂಘದವರಾದ ನಮಗೆ ಇದಕ್ಕಿಂತ ಹತ್ತಿರದ ಪೂರ್ವಿಕರು ಯಾರಿದ್ದಾರೆ? ಅಂಥವನ ತಲೆಯ ಮೇಲೆ ನಾವು ಕ್ಯಾನು ಇಟ್ಟುಕೊಂಡು ಬಂದಿದ್ದೇವೆ.

ರಾಜರ ಚರಿತ್ರೆ ಹೇಗೋ ಉಳಿಯುತ್ತದೆ. ಅವರಿಗೆ ಕವಿಗಳಿದ್ದರು, ತಾಮ್ರಪಟ ಬರೆಯುವವರಿದ್ದರು. ಸಾಮಾನ್ಯ ರೈತನೊಬ್ಬ, ದನಗಾಹಿಯೊಬ್ಬ ಬದುಕಿದ್ದ, ಸತ್ತ ಎಂಬುದಕ್ಕೆ ಸಾವಿರ ವರ್ಷದ ಹಿಂದಿನ ಸಾಕ್ಷಿ ಪ್ರಪಂಚದ ಬಹಳ ಕಡೆ ಇಲ್ಲ. ನಮ್ಮ ಕನ್ನಡ ಸೀಮೆಯಲ್ಲಿ ಅದು ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರ ಬಾಗಿಲಲ್ಲಿ ಸಾವಿರಗಟ್ಟಲೆ ನಿಂತಿದೆ. ಹೆಚ್ಚಿಗೆ ಇರುವುದರಿಂದಲೇ ನಮಗೆ ಅದರ ಬೆಲೆ ತಿಳಿಯದು.

ಒಂದು ಕಲ್ಲು ಏನು ಮಾಡಬಲ್ಲದು ಎಂಬುದಕ್ಕೆ ಬೆಂಗಳೂರಿನ ಉದಾಹರಣೆ ಸಾಕು. ಹೊಯ್ಸಳ ಬಲ್ಲಾಳ ರಾಜ ಬೇಟೆಗೆ ಬಂದು ದಾರಿ ತಪ್ಪಿ, ಮುದುಕಿ ಕೊಟ್ಟ ಬೆಂದ ಕಾಳು ತಿಂದು, ಅದರಿಂದ ಬೆಂದಕಾಳೂರು ಆಯಿತು ಎಂದು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಕಥೆ ಚೆನ್ನಾಗಿದೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 890ರ ಕಾಲದ ಒಂದು ವೀರಗಲ್ಲಿನ ಶಾಸನದಲ್ಲಿ ಬೆಂಗಳೂರು ಎಂಬ ಹೆಸರು ಸ್ವಚ್ಛವಾಗಿ ಬಂದಿದೆ. ಅಂದರೆ ಬಲ್ಲಾಳ ಹುಟ್ಟುವುದಕ್ಕೆ ಮುನ್ನೂರು ವರ್ಷದಷ್ಟು ಮೊದಲೇ ಊರಿಗೆ ಆ ಹೆಸರಿತ್ತು. ಆ ಕಲ್ಲನ್ನು ಯಾರಾದರೂ ಮೋರಿಗೆ ಹಾಕಿದ್ದರೆ ಮುದುಕಿಯ ಕಾಳೇ ಚರಿತ್ರೆಯಾಗಿ ಉಳಿಯುತ್ತಿತ್ತು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ಹೊತ್ತಿಗೆ ಸಿಕ್ಕ ಇನ್ನೊಂದು ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. ಅದರಲ್ಲಿರುವುದು ಕಿತ್ತಯ್ಯ ಎಂಬ ಒಬ್ಬ ಮನುಷ್ಯನ ಹೆಸರು. ಅದನ್ನು ಉಳಿಸಿಕೊಂಡವರು ಆ ಬೀದಿಯ ಜನ ಮತ್ತು ಶಾಸನಗಳ ಹಿಂದೆ ಬಿದ್ದ ಕೆಲವು ಆಸಕ್ತರು.

ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಕೀರ್ತಿ ಬಿ.ಎಲ್. ರೈಸ್ ಅವರಿಗೆ ಸೇರಬೇಕು. ಅವರು ಇಂಗ್ಲಿಷರಾದರೂ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಎಪಿಗ್ರಾಫಿಯ ಕರ್ನಾಟಿಕ ಎಂಬ ಹೆಸರಿನಲ್ಲಿ ಅವರು ಹನ್ನೆರಡು ಸಂಪುಟ ತಂದರು. ಅದರಲ್ಲಿ ಹತ್ತನೆಯದು ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರಕ್ಕೇ ಸೇರಿದ್ದವು. ನಮ್ಮದು ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ರೈಸ್ ಅವರ ಪುಸ್ತಕದಲ್ಲಿ ತಾಲ್ಲೂಕುವಾರು, ಊರುವಾರು ಬರೆದಿದೆ: ಇಂಥ ಊರಿನ ಇಂಥ ಹೊಲದಲ್ಲಿ, ಇಂಥ ಗುಡಿಯ ಎದುರಿಗೆ ಎಂದು. ಆ ಪುಸ್ತಕ ಹಿಡಿದು ಹೋದರೆ ಕೆಲವು ಕಡೆ ಕಲ್ಲಿದೆ, ಹಲವು ಕಡೆ ಬರೀ ಪುಸ್ತಕವೇ ಇದೆ. ನಮ್ಮ ಡೇರಿಯಲ್ಲಿ ಬಟವಾಡೆ ಪುಸ್ತಕದ ಒಂದು ಹಾಳೆ ಹರಿದರೂ ಸಾಮಾನ್ಯ ಸಭೆಯಲ್ಲಿ ಎಷ್ಟು ಗಲಾಟೆ ಆಗುತ್ತದೆ ಎಂಬುದು ನಿಮಗೆಲ್ಲ ಗೊತ್ತು!

ಇನ್ನು ನಂದಿಯ ವಿಚಾರ. ನಮ್ಮಲ್ಲಿ ಎಷ್ಟೋ ಜನ ಪ್ರತಿ ಶಿವರಾತ್ರಿಗೂ ರಥೋತ್ಸವಕ್ಕೆ ಹೋಗಿ ಬರುತ್ತೇವೆ. ಹಿಂದೆ ಆ ಪರಿಷೆಗೆ ಊರೂರುಗಳಿಂದ ಎತ್ತುಗಳು ಬರುತ್ತಿದ್ದವು, ಒಳ್ಳೆ ಜೋಡಿ ಬೇಕು ಅಂದರೆ ನಂದಿ ಜಾತ್ರೆ ಎಂಬ ಮಾತಿತ್ತು. ಹೋಗುತ್ತೇವೆ, ಕೈ ಮುಗಿಯುತ್ತೇವೆ, ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತೇವೆ. ಗುಡಿಯನ್ನು ನೋಡಿದ್ದೇವೆಯೇ ಎಂದು ಕೇಳಿದರೆ ಇಲ್ಲ ಎನ್ನಬೇಕು.

ಒಮ್ಮೆ ಜಾತ್ರೆಯಿಲ್ಲದ ದಿನ ಹೋಗಿ ನೋಡಿ. ಅಕ್ಕಪಕ್ಕ ಎರಡು ಗುಡಿ, ಎರಡಕ್ಕೂ ಎದುರಿಗೆ ನಂದಿ. ಒಂದು ಅರುಣಾಚಲೇಶ್ವರ, ಇನ್ನೊಂದು ಭೋಗನಂದೀಶ್ವರ. ನಡುವೆ ಚಿಕ್ಕದಾಗಿ ಉಮಾಮಹೇಶ್ವರ, ಅದರ ಮುಂದೆ ಕರಿಯ ಕಲ್ಲಿನ ಕಂಬಗಳ ಕಲ್ಯಾಣ ಮಂಟಪ. ಆ ಕಂಬಗಳಲ್ಲಿ ಶಿವ ಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾದೇವಿ ಹೀಗೆ ಜೋಡಿ ಜೋಡಿಯಾಗಿ ಮದುವೆಗೆ ಬಂದು ನಿಂತ ಹಾಗೆ ಇದ್ದಾರೆ. ಅರುಣಾಚಲೇಶ್ವರ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ತುದಿಯ ಯೋಗನಂದೀಶ್ವರ ಎಲ್ಲ ಬಿಟ್ಟ ಅವಸ್ಥೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಬೆಟ್ಟದ ಮೇಲಿನ ದೇವರಿಗೆ ಉತ್ಸವದ ಸಡಗರ ಇಲ್ಲದಿರುವುದಕ್ಕೂ ಅದನ್ನೇ ಕಾರಣ ಕೊಡುತ್ತಾರೆ. ಹಿಂದುಗಡೆ ಶೃಂಗಿ ತೀರ್ಥವೆಂಬ ಕಲ್ಯಾಣಿ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಮಂಟಪದ ಸಾಲು. ಬೇಸಗೆಯ ಮಧ್ಯಾಹ್ನ ಅಲ್ಲಿ ಕೂತರೆ ಎದ್ದು ಬರಲು ಮನಸ್ಸಾಗದು.

ಈ ಗುಡಿ ಒಬ್ಬ ರಾಜ ಒಂದೇ ಸಲ ಕಟ್ಟಿಸಿದ್ದಲ್ಲ. ಸುಮಾರು ಕ್ರಿ.ಶ. 806 ಮತ್ತು 810ರ ದಾಖಲೆಗಳಲ್ಲಿ ಇದರ ಮಾತು ಬರುತ್ತದೆ. ನೊಳಂಬ ರಾಜ, ರಾಷ್ಟ್ರಕೂಟ ಮೂರನೆಯ ಗೋವಿಂದ, ಬಾಣ ಅರಸರು ಇವರ ಕಾಲದವು ಅವು. ಬಾಣರ ರಾಣಿ ರತ್ನಾವಳಿ ನಂದಿಯಲ್ಲಿ ಶಿವಾಲಯ ಕಟ್ಟಿಸಿದಳೆಂದು ತಾಮ್ರಪಟದಲ್ಲಿದೆ. ಸಾವಿರದ ಇನ್ನೂರು ವರ್ಷದ ಹಿಂದೆ ನಮ್ಮ ಪಕ್ಕದೂರಿನಲ್ಲಿ ಒಬ್ಬ ಹೆಂಗಸು ಗುಡಿ ಕಟ್ಟಿಸಿದಳು, ಅವಳ ಹೆಸರು ನಮಗೆ ಗೊತ್ತಿದೆ ಎಂಬುದು ನಮ್ಮ ಮಹಿಳಾ ಸದಸ್ಯರು ತಿಳಿದಿರಬೇಕಾದ ಮಾತು. ಆಮೇಲೆ ಗಂಗರು ಬಂದರು. ಚೋಳರು ಬಂದು ತಮಿಳಿನಲ್ಲಿ ಶಾಸನ ಹಾಕಿಸಿದರು. ರಾಜೇಂದ್ರ ಚೋಳನದೆಂದು ಹೇಳುವ ಒಂದು ಮೂರ್ತಿ ಗುಡಿಯೊಳಗಿದೆ. ಹೊಯ್ಸಳರು ಸೇರಿಸಿದರು, ವಿಜಯನಗರದವರು ಪ್ರಾಕಾರವನ್ನೂ ಕಲ್ಯಾಣಿಯನ್ನೂ ಬೆಳೆಸಿದರು, ಕೊನೆಗೆ ಚಿಕ್ಕಬಳ್ಳಾಪುರದ ಪಾಳೆಯಗಾರರು ನೋಡಿಕೊಂಡರು.

ಇಲ್ಲಿ ಒಂದು ವಿಶೇಷ ಗಮನಿಸಬೇಕು. ನೊಳಂಬರ ರಾಜಧಾನಿ ಹೇಮಾವತಿ, ಈಗ ಗಡಿಯಾಚೆ ಆಂಧ್ರದಲ್ಲಿ ಮಡಕಶಿರದ ಕಡೆ ಇದೆ. ಚೋಳರು ಅಲ್ಲಿನ ಗುಡಿಗಳ ಕಂಬಗಳನ್ನು ಕಿತ್ತು ವಿಜಯದ ಗುರುತಾಗಿ ಒಯ್ದರು, ಅವು ಇಂದಿಗೂ ತಮಿಳುನಾಡಿನ ತಿರುವಯ್ಯಾರಿನ ದೇವಸ್ಥಾನದಲ್ಲಿ ನಿಂತಿವೆ. ಅದೇ ಚೋಳರು ನಂದಿಗೆ ಬಂದಾಗ ಕೀಳದೆ ಕಟ್ಟಿದರು. ಯಾಕೆ ಹಾಗೆ, ಯಾಕೆ ಹೀಗೆ ಎಂದು ವಿದ್ವಾಂಸರು ವಿಚಾರ ಮಾಡಲಿ. ನಮಗೆ ಮುಖ್ಯವಾದದ್ದು, ಒಬ್ಬರಿಗೊಬ್ಬರು ಆಗದ ಐದಾರು ವಂಶಗಳು, ಎರಡು ಮೂರು ಭಾಷೆಯವರು, ಒಂದೇ ಆವರಣದಲ್ಲಿ ಹಿಂದಿನವರದನ್ನು ಅಳಿಸದೆ ತಮ್ಮದನ್ನು ಸೇರಿಸುತ್ತಾ ಬಂದದ್ದು. ಎಲ್ಲೋ ಜಪಾನಿನವನೋ ಜರ್ಮನಿಯವನೋ ಬಂದು ಇಲ್ಲಿ ಬಾಯಿ ಬಿಟ್ಟು ನಿಲ್ಲುತ್ತಾನಲ್ಲ, ಅವನಿಗೆ ನಮ್ಮ ದೇವರ ಭಕ್ತಿ ಇರಬೇಕೆಂದಿಲ್ಲ. ಆರು ನೂರು, ಏಳು ನೂರು ವರ್ಷಗಳ ಕೆಲಸ ಒಂದೇ ಕಡೆ ಓದಲು ಸಿಗುತ್ತದೆ, ಅದು ಅವನ ದೇಶದಲ್ಲಿ ಇಲ್ಲ. ಇಲ್ಲಿ ಹಾಳಾದರೆ ಇನ್ನೆಲ್ಲೂ ಇಲ್ಲ.

ಭಾರತೀಯ ಪುರಾತತ್ತ್ವ ಇಲಾಖೆಯವರ ನೀಲಿ ಬೋರ್ಡು ಗುಡಿಯ ಹತ್ತಿರ ಇದೆ. ಅದು 1958ರ ಕೇಂದ್ರ ಕಾಯ್ದೆಯಂತೆ ಹಾಕಿದ್ದು. 2010ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ, ಅಲ್ಲಿಂದಾಚೆ ಇನ್ನೂ 200 ಮೀಟರು ಅನುಮತಿ ಪಡೆದು ಕಟ್ಟಬೇಕಾದ ಪ್ರದೇಶ ಎಂದಾಯಿತು. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದ ತನಕ ಸಜೆ ಇಲ್ಲವೆ ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

ಗುಡಿಯ ಪಕ್ಕದಲ್ಲೇ ಮನೆ ಇರುವವರ ಕಷ್ಟ ನಮಗೆ ಗೊತ್ತಿಲ್ಲದ್ದೇನಲ್ಲ. ಅಜ್ಜ ಕಟ್ಟಿಸಿದ ಮನೆ ಸೋರುತ್ತಿದೆ, ಮಗನಿಗೆ ಮದುವೆಯಾಗಿ ಒಂದು ಕೋಣೆ ಬೇಕಾಗಿದೆ, ರಿಪೇರಿಗೂ ಅರ್ಜಿ ಹಿಡಿದು ಅಲೆಯಬೇಕು. ಕಾಯುವ ಲಾಭ ಪ್ರಪಂಚಕ್ಕೆ, ಕಾಯುವ ಖರ್ಚು ನಮಗೆ ಮಾತ್ರವೇ ಎಂದು ಅವರು ಕೇಳಿದರೆ ಸುಳ್ಳಲ್ಲ. ಲೋಕದ ಆಸ್ತಿ ಎಂದು ಹೇಳುವವರು ಆ ಊರಿನವರಿಗೆ ಕಾಗದ ಪತ್ರ ಬೇಗ ಮಾಡಿಕೊಡಬೇಕು, ಬರುವ ಪ್ರವಾಸಿಗಳಿಂದ ಅವರಿಗೂ ನಾಲ್ಕು ಕಾಸು ಸಿಗುವ ದಾರಿ ಮಾಡಬೇಕು. ಹಾಲು ಕೊಡುವ ಹಸುವಿಗೆ ಹಿಂಡಿ ಹಾಕದೆ ಕೆಚ್ಚಲಿಗೆ ಮಾತ್ರ ಕೈ ಹಾಕಿದರೆ ಎಷ್ಟು ದಿನ ನಡೆದೀತು?

ಇದು ನಮ್ಮೊಬ್ಬರ ತಾಪತ್ರಯ ಅಂದುಕೊಳ್ಳಬಾರದು. ಹಂಪೆಯ ಕಥೆ ಕೇಳಿ. 1986ರಲ್ಲಿ ಹಂಪೆ, 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತುಂಗಭದ್ರೆಯ ಆಚೆ ದಡದ ಆನೆಗೊಂದಿಯವರು ತಲತಲಾಂತರದಿಂದ ಹರಿಗೋಲಿನಲ್ಲಿ ಹೊಳೆ ದಾಟುವವರು. ಅವರಿಗೆ ಸೇತುವೆ ಬೇಕಿತ್ತು, ಬೇಕು ಅಂದದ್ದು ತಪ್ಪಲ್ಲ. ಆದರೆ ಸೇತುವೆ ಎದ್ದದ್ದು ಸ್ಮಾರಕಗಳ ಮಗ್ಗುಲಲ್ಲೇ. ಭಾರಿ ಲಾರಿಗಳು ಹಾಳು ಪಟ್ಟಣದ ನಡುವೆ ಓಡುವ ಹಾಗಾಗುತ್ತದೆ ಎಂದು ಯುನೆಸ್ಕೋದವರು 1999ರಲ್ಲಿ ಹಂಪೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿದರು. ಹೊರಬರಲು 2006 ಬೇಕಾಯಿತು. ಅರ್ಧಕ್ಕೆ ನಿಂತು ಮತ್ತೆ ಶುರುವಾದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಯವರ ಪ್ರಾಣ ಹೋಯಿತು. ಜಾಗವನ್ನು ಮೊದಲೇ ಊರಿನವರನ್ನೂ ತಿಳಿದವರನ್ನೂ ಕೂರಿಸಿಕೊಂಡು ಗೊತ್ತು ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಲೋಕದ ಆಸ್ತಿ ಎಂಬ ಮಾತು ಹುಟ್ಟಿದ್ದೂ ಒಂದು ಅಣೆಕಟ್ಟೆಯಿಂದಲೇ. ಈಜಿಪ್ಟಿನಲ್ಲಿ ನೈಲ್ ನದಿಗೆ ಅಸ್ವಾನಿನ ದೊಡ್ಡ ಕಟ್ಟೆ ಕಟ್ಟಲು ಹೊರಟಾಗ ಮೂರು ಸಾವಿರ ವರ್ಷಕ್ಕೂ ಹಿಂದಿನ ಅಬು ಸಿಂಬೆಲ್ ಗುಡಿಗಳು ಮುಳುಗುವುದರಲ್ಲಿದ್ದವು. ಯುನೆಸ್ಕೋ 1960ರಲ್ಲಿ ಕರೆ ಕೊಟ್ಟಿತು. ಹತ್ತಾರು ದೇಶಗಳು ಹಣ ಕೊಟ್ಟವು, ಜನ ಕೊಟ್ಟವು. 1964ರಿಂದ 1968ರ ತನಕ ಬೆಟ್ಟದಲ್ಲಿ ಕೊರೆದ ಆ ಗುಡಿಗಳನ್ನು ಗರಗಸದಲ್ಲಿ ಕೊಯ್ದು, ತುಂಡು ತುಂಡಾಗಿ ಎತ್ತರಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ಮುಳುಗಡೆಯಾಗುವ ಆ ಸೀಮೆಗೆ ನಮ್ಮ ದೇಶದ ಪುರಾತತ್ತ್ವ ತಂಡವೂ ಹೋಗಿ ಅಗೆದು ದಾಖಲೆ ಮಾಡಿ ಬಂದಿತ್ತು. ಈ ಅನುಭವದ ಮೇಲೆಯೇ 1972ರಲ್ಲಿ ವಿಶ್ವ ಪರಂಪರೆಯ ಒಪ್ಪಂದವಾಯಿತು. ಭಾರತ ಅದಕ್ಕೆ ಸೇರಿದ್ದು 1977ರಲ್ಲಿ. ಒಂದು ದೇಶದೊಳಗೆ ಇರುವ ಗುಡಿ ಹಾಳಾದರೆ ಎಲ್ಲ ದೇಶದವರಿಗೂ ನಷ್ಟ, ಆದ್ದರಿಂದ ಕಾಯುವ ಕೆಲಸಕ್ಕೆ ಎಲ್ಲರೂ ಕೈ ಸೇರಿಸಬೇಕು ಎಂಬುದೇ ಅದರ ತಿರುಳು. ಷೇರು ಎಲ್ಲರದು, ಆದರೆ ಆಸ್ತಿಯನ್ನು ಒಬ್ಬರೂ ಮನೆಗೆ ಹೊತ್ತುಕೊಂಡು ಹೋಗುವಂತಿಲ್ಲ. ಸಹಕಾರ ಸಂಘದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಣೆಕಟ್ಟೆ ಅಂದ ತಕ್ಷಣ ನಮ್ಮ ತಾಲ್ಲೂಕಿನವರಿಗೆ ಮುದ್ದೇನಹಳ್ಳಿ ನೆನಪಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಕನ್ನಂಬಾಡಿ ಕಟ್ಟೆ ಲಕ್ಷಾಂತರ ಜನರಿಗೆ ಅನ್ನ ಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಟ್ಟೆಯ ನೀರಿನಲ್ಲಿ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಮುಳುಗಿತು. ಬರಗಾಲ ಬಂದು ನೀರಿಳಿದ ವರ್ಷಗಳಲ್ಲಿ ಮಾತ್ರ ಅದು ತಲೆ ಎತ್ತುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ಮೇಲಿನ ದಂಡೆಯಲ್ಲಿ ಹೊಸದಾಗಿ ಜೋಡಿಸಿದ್ದಾರೆ. ಕಟ್ಟೆಯೂ ಬೇಕು, ಗುಡಿಯೂ ಬೇಕು ಎಂದು ಒಟ್ಟಿಗೆ ಯೋಚಿಸುವುದು ಆಗಿನವರಿಗೆ ಹೊಳೆದಿರಲಿಲ್ಲ, ನಮಗೆ ಹೊಳೆಯಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳೂ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ನಮ್ಮ ನಂದಿ ಆ ಪಟ್ಟಿಯಲ್ಲಿಲ್ಲ. ಇಲ್ಲದಿದ್ದರೆ ಬೆಲೆ ಕಡಿಮೆಯೇ? ಪಟ್ಟಿಗೆ ಸೇರದ ಹಸು ಹಾಲು ಕೊಡುವುದಿಲ್ಲವೇ?

ಕಾಯಬೇಕಾದದ್ದು ಬರೀ ಗುಡಿಯಲ್ಲ ಎಂಬುದಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋಗಬೇಕು. ನಾಗರಕಲ್ಲುಗಳಿಗೆ ಹೆಸರಾದ ಆ ಕ್ಷೇತ್ರದಲ್ಲಿ 1938ರ ಏಪ್ರಿಲ್ 25ರಂದು, ಮೈಸೂರು ಸಂಸ್ಥಾನದ ನಿಷೇಧವಿದ್ದರೂ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದೇ ತಿಂಗಳು ಮಂಡ್ಯದ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು, ಅದರ ಕಿಡಿ ಇಲ್ಲಿ ರಕ್ತವಾಯಿತು. ಸತ್ತವರ ಎಣಿಕೆಯನ್ನು ಸರ್ಕಾರ ಒಂದು ಹೇಳಿತು, ಜನ ಇನ್ನೊಂದು ಹೇಳಿದರು. ವಿಷಯ ಗಾಂಧೀಜಿಯ ತನಕ ಹೋಗಿ, ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜತೆ ಮಾತಾಡಿದ ಮೇಲೆ ಸಂಸ್ಥಾನದ ಬಾವುಟದ ಪಕ್ಕದಲ್ಲಿ ನಮ್ಮ ಬಾವುಟಕ್ಕೂ ಜಾಗ ಸಿಕ್ಕಿತು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಆ ನೆಲಕ್ಕೆ ಹೆಸರು. ಅಲ್ಲಿನ ಪುರಾತನ ಅಶ್ವತ್ಥ ಮರ 2001ರಲ್ಲಿ ಉರುಳಿತು. ಮರಕ್ಕೆ ವಯಸ್ಸಾಗುತ್ತದೆ, ಕಂಡವರಿಗೂ ವಯಸ್ಸಾಗುತ್ತದೆ. ಸ್ಮಾರಕವೊಂದು ಇಲ್ಲದಿದ್ದರೆ ಸತ್ತವರೆಲ್ಲ ನಮ್ಮಂಥ ರೈತರು ಎಂದು ಮೊಮ್ಮಕ್ಕಳಿಗೆ ಯಾರು ತೋರಿಸುತ್ತಿದ್ದರು?

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಅಮರನಾರೇಯಣ ಸ್ವಾಮಿಯ ಗುಡಿ ಇದೆ, ಭೀಮಲಿಂಗೇಶ್ವರ ಇದೆ. ಅದಕ್ಕಿಂತ ಹೆಚ್ಚಾಗಿ ತಾತಯ್ಯನವರ ಕೀರ್ತನೆಗಳಿವೆ. ತೆಲುಗು ಕನ್ನಡ ಎರಡರಲ್ಲೂ ಹಾಡಿದ ಆ ಮಹಾನುಭಾವರನ್ನು ನಮ್ಮ ಗಡಿಸೀಮೆಯ ಮನೆಮನೆಯೂ ಬಲ್ಲದು. ಭಜನೆ ನಿಂತರೆ ಆ ಪರಂಪರೆಗೆ ಯಾವ ಬೋರ್ಡು ಹಾಕಿ ಪ್ರಯೋಜನವಿಲ್ಲ. ಶಿಡ್ಲಘಟ್ಟದ ರೇಷ್ಮೆಯೂ ಹಾಗೆಯೇ. ಗೂಡು ಬೇಯಿಸಿ ಎಳೆ ಎಳೆಯುವ ಆ ಕೈಗಳ ಕೆಲಸ ಪುಸ್ತಕ ಓದಿ ಬರುವಂಥದ್ದಲ್ಲ. ಇದರ ಬಗ್ಗೆ ಬರೆಯಲು ನಮಗಿಂತ ಯೋಗ್ಯರು ಅಲ್ಲೇ ಇದ್ದಾರೆ.

ಈಗ ನಮ್ಮ ಕಾಲದ ಅಪಾಯಗಳು. ಮೊದಲನೆಯದು ನಿಧಿಯ ಹುಚ್ಚು. ಅಮಾವಾಸ್ಯೆ ರಾತ್ರಿ ಬಂದು ಹಾಳು ಗುಡಿಯ ಬಸವನನ್ನು ಉರುಳಿಸಿ, ವೀರಗಲ್ಲಿನ ಬುಡ ಅಗೆದು ಹೋಗುವವರ ಸುದ್ದಿಯನ್ನು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಸ್ವಾಮಿ, ದನ ಬಿಡಿಸಿಕೊಂಡು ಬರಲು ಹೋಗಿ ಸತ್ತ ದನಗಾಹಿಯ ಕಲ್ಲಿನ ಕೆಳಗೆ ಚಿನ್ನ ಎಲ್ಲಿಂದ ಬಂದೀತು? ಸಿಕ್ಕರೂ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕಾದದ್ದೇ. ಎರಡನೆಯದು ಕ್ವಾರಿ. ನಮ್ಮ ಜಿಲ್ಲೆಯ ಬೆಟ್ಟಗಳನ್ನು ಜಲ್ಲಿ ಮಾಡಿ ಬೆಂಗಳೂರಿಗೆ ಕಳಿಸುತ್ತಿದ್ದೇವೆ. ಅದರಿಂದ ಹೊಟ್ಟೆ ಹೊರೆಯುವವರು ನಮ್ಮವರೇ, ಹಾಗೆಂದು ಸುಮ್ಮನಿರಲೂ ಆಗದು. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದನ್ನು ಮರೆತಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ನಂದಿ ಬೆಟ್ಟದ ಕಡೆ ಗುಡ್ಡ ಕುಸಿದು ಬೆಟ್ಟದ ರಸ್ತೆಯೇ ಕಡಿದುಹೋಯಿತು. ಬೆಟ್ಟಕ್ಕೆ ಬೇಲಿ ಹಾಕಿದ ಕಾಯ್ದೆ ಇಲ್ಲ, ಅದರ ಬುಡದ ಗುಡಿಗೆ ಮಾತ್ರ ಇದೆ. ಮೂರನೆಯದು, ನಮ್ಮ ಕೈಯಲ್ಲೇ ಇರುವುದು, ಕೆರೆಯ ಹೂಳೆತ್ತುವ ಕೆಲಸ. ಕೆರೆಗೆ ನೀರು ಬರುತ್ತಿರುವುದು, ಹೂಳೆತ್ತುವುದು ಎಲ್ಲವೂ ಸಂತೋಷವೇ. ಆದರೆ ಏರಿಯ ಮೇಲಿನ ಕಲ್ಲುಗಳನ್ನು ಜೇಸಿಬಿಯವನು ಎತ್ತಿ ಎಲ್ಲಿಗೆ ಎಸೆಯುತ್ತಾನೆ ಎಂದು ಯಾರೂ ನೋಡುವುದಿಲ್ಲ. ಮೊದಲು ಇಪ್ಪತ್ತು ಆಳು ಸೇರಿದರೆ ಅಲುಗುತ್ತಿದ್ದ ಕಲ್ಲು ಈಗ ಅರ್ಧ ನಿಮಿಷದಲ್ಲಿ ಮಾಯ.

ಕಲ್ಲನ್ನು ಉಳಿಸಿದರೆ ಸಾಲದು, ಅದು ನಿಂತ ಜಾಗವನ್ನೂ ಉಳಿಸಬೇಕು ಎಂಬುದು ನಮಗೆ ತಡವಾಗಿ ತಿಳಿದದ್ದು. ನಮ್ಮ ವೀರಗಲ್ಲು ಏರಿಯ ಯಾವ ತುದಿಯಲ್ಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು, ಒಡೆದ ಕಲ್ಲು ಅದರ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ತಿಳಿದವರೊಬ್ಬರು ಕೇಳಿದರು. ನಾವು ಹತ್ತು ಜನ ಇದ್ದೆವು, ಹತ್ತು ಉತ್ತರ ಕೊಟ್ಟೆವು. ಎರಡು ಕಲ್ಲು ಒಂದೇ ಕಾಳಗದ್ದಾಗಿರಬಹುದು, ಸತ್ತವರು ಅಣ್ಣತಮ್ಮಂದಿರೇ ಆಗಿರಬಹುದು, ಒಡೆದದ್ದರಲ್ಲಿ ಅಕ್ಷರವೇ ಇದ್ದಿರಬಹುದು. ಹಲ್ಮಿಡಿಯ ಶಾಸನವೂ ಒಂದು ಹಳ್ಳಿಯ ಗುಡಿಯ ಮುಂದೆ ಸುಮ್ಮನೆ ನಿಂತಿದ್ದ ಕಲ್ಲೇ. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬೀಳುವ ತನಕ ಕನ್ನಡದ ವಯಸ್ಸು ಅದರಲ್ಲಿದೆ ಎಂದು ಯಾರಿಗೆ ಗೊತ್ತಿತ್ತು?

ಸಂಘದ ಆಡಳಿತ ಮಂಡಳಿಯವರು ಬೆಳ್ಳಿಹಬ್ಬದ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಡೇರಿಯ ಮುಂದಿನ ಕಲ್ಲಿಗೆ ಮೊಣಕಾಲೆತ್ತರದ ಒಂದು ಕಟ್ಟೆ ಕಟ್ಟಿಸಲು ಒಪ್ಪಿದ್ದಾರೆ. ಅದಕ್ಕೆ ಆಯಿಲ್ ಪೇಂಟು ಬಳಿಯಬಾರದು, ಸಿಮೆಂಟು ಮೆತ್ತಬಾರದು ಎಂದು ಕೇಳಿಕೊಂಡಿದ್ದೇವೆ. ಕ್ಯಾನು ಇಡಲು ಪಕ್ಕದಲ್ಲಿ ಬೇರೆ ಚಪ್ಪಡಿ ಹಾಕಿಸುತ್ತಾರೆ. ಇನ್ನು ಒಡೆದ ಕಲ್ಲಿನ ವಿಷಯ. ರಸ್ತೆ ಅಗಲ ಮಾಡುವಾಗ ಹಳೆಯ ಮೋರಿಯನ್ನು ಕಿತ್ತು ಹೊಸದು ಹಾಕುತ್ತಾರೆಂಬ ಸುದ್ದಿಯಿದೆ. ಊರ ಮುಂದೆ ಅಂಥ ಮೋರಿಗಳು ಮೂರಿವೆ, ಯಾವುದಕ್ಕೆ ಹಾಕಿದೆವು ಎಂಬುದು ನಮಗೆ ಸರಿಯಾಗಿ ನೆನಪಿಲ್ಲ. ಅಂದು ಟ್ರಾಕ್ಟರಿನಲ್ಲಿ ಜತೆಗಿದ್ದ ಸದಸ್ಯರು ಯಾರಾದರೂ ನೆನಪಿದ್ದರೆ ದಯವಿಟ್ಟು ಕಾರ್ಯದರ್ಶಿಗಳಿಗೆ ತಿಳಿಸಬೇಕು. ಜೇಸಿಬಿ ಬರುವ ದಿನ ಅಲ್ಲಿ ನಾವು ನಾಲ್ಕು ಜನ ನಿಂತಿರುತ್ತೇವೆ.